ಟಾಲೆಮಿ ಬನವಾಸಿಗೆ ಬಂದಿದ್ದನೇ?

ಹೋದ ತಿಂಗಳು ಬನವಾಸಿಯ ಬಗ್ಗೆ ಬರೆಯುವಾಗ, "ಗ್ರೀಕ್ ಭೂಗೋಳಕಾರ ಟಾಲೆಮಿಯೂ ಈ ಊರಿನ ಹೆಸರು ಹೇಳಿದ್ದಾನೆ, ಅದರಾಚೆ ಕರಾವಳಿಯಲ್ಲಿ ಲಿಮುರಿಕೆ ಎಂಬ ನಾಡನ್ನೂ ಹೇಳಿದ್ದಾನೆ" ಎಂದು ಒಂದು ಸಾಲು ಸೇರಿಸಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಆ ಒಂದು ಸಾಲಿನ ಬಗ್ಗೆಯೇ ಇವೆ. ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟು, ಇಡೀ ಅಂಕಣವನ್ನು ಟಾಲೆಮಿಗೇ ಕೊಡುತ್ತಿದ್ದೇನೆ.

ಅಕ್ಕೋರೇ, ನಮ್ಮ ನೋಟ್ಸಿನಲ್ಲಿ "ಗ್ರೀಕ್ ಪ್ರವಾಸಿ ಟಾಲೆಮಿಯು ಬನವಾಸಿಗೆ ಭೇಟಿ ನೀಡಿದ್ದನು" ಎಂದಿದೆ. ಪರೀಕ್ಷೆಯಲ್ಲಿ ಹಾಗೇ ಬರೆಯಬಹುದೇ?
– ಬಿ.ಎ. ವಿದ್ಯಾರ್ಥಿನಿ, ಶಿರಸಿ

ಬರೆಯಬೇಡ ತಂಗೀ. ಆ ಸಾಲು ನನಗೆ ಹೊಸತಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವಾಗ ನಾನೂ ಯಾವುದೋ ಗೈಡಿನಲ್ಲಿ ಅದನ್ನು ಓದಿ, ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಬರೆಸಿದ್ದೆ. ನಿವೃತ್ತಿಯಾದ ಮೇಲೆ ಮೂಲ ಹುಡುಕಲು ಹೊರಟಾಗಲೇ ತಪ್ಪು ತಿಳಿದದ್ದು. ಆ ಮಕ್ಕಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಿ.

ಟಾಲೆಮಿ ಪ್ರವಾಸಿಯಲ್ಲ, ಗಣಿತಜ್ಞ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕುಳಿತು, ಕ್ರಿ.ಶ. 150ರ ಸುಮಾರಿಗೆ ತನ್ನ ಭೂಗೋಳ ಗ್ರಂಥವನ್ನು ಬರೆದ. ಎಂಟು ಭಾಗಗಳ ಗ್ರಂಥ ಅದು. ಮೊದಲ ಭಾಗದಲ್ಲಿ ನಕಾಶೆ ಬರೆಯುವ ವಿಧಾನವಿದೆ. ಎರಡರಿಂದ ಏಳನೆಯ ಭಾಗದವರೆಗೆ ಬರೀ ಪಟ್ಟಿ: ಊರಿನ ಹೆಸರು, ಅದರ ಮುಂದೆ ರೇಖಾಂಶ, ಅಕ್ಷಾಂಶ. ಸುಮಾರು 8,000 ಹೆಸರುಗಳು, ಅವುಗಳಲ್ಲಿ 6,300ರಷ್ಟಕ್ಕೆ ಅಂಕೆಗಳಿವೆ. ಕಥೆಯಿಲ್ಲ, ವರ್ಣನೆಯಿಲ್ಲ. "ನಾನು ಅಲ್ಲಿ ಇದನ್ನು ಕಂಡೆ" ಎಂಬ ಮಾತು ಎಲ್ಲೂ ಇಲ್ಲ.

ಹಾಗಾದರೆ ಅಷ್ಟು ದೂರದಲ್ಲಿದ್ದವನಿಗೆ ನಮ್ಮ ಊರು ಹೇಗೆ ಗೊತ್ತಾಯಿತು? ಅವನಿಗಿಂತ ಸ್ವಲ್ಪ ಮುಂಚಿನ ಟೈರ್ ಪಟ್ಟಣದ ಮರೀನಸ್ ಬರೆದದ್ದನ್ನು ಅವನು ಮುಂದಿಟ್ಟುಕೊಂಡಿದ್ದ. ಆದರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಲಿಲ್ಲ. ಮೊದಲ ಭಾಗದ 17ನೆಯ ಅಧ್ಯಾಯದಲ್ಲಿ ಸಿಮುಲ್ಲ ಎಂಬ ಬಂದರಿನ ಮಾತು ಬರುತ್ತದೆ. ಅದು ಈಗಿನ ಮುಂಬೈಗೆ ದಕ್ಷಿಣದಲ್ಲಿರುವ ಚೌಲ್. ಮರೀನಸ್ ಅದನ್ನು ಸಿಂಧೂ ನದಿಗಿಂತಲೂ ಪಶ್ಚಿಮಕ್ಕೆ ಇಟ್ಟಿದ್ದ. ಟಾಲೆಮಿ ಅದು ತಪ್ಪು ಎನ್ನುತ್ತಾನೆ. ಆಧಾರ ಏನು? ಆ ಕಡೆಗೆ ಹಡಗಿನಲ್ಲಿ ಹೋಗಿ ಬಹುಕಾಲ ಅಲ್ಲಿ ಓಡಾಡಿದವರು ಹೇಳಿದ್ದು, ಮತ್ತು ಅಲ್ಲಿಂದ ಅಲೆಕ್ಸಾಂಡ್ರಿಯಾದ ಕಡೆಗೆ ಬಂದವರು ಹೇಳಿದ್ದು. ಆ ಊರನ್ನು ಅಲ್ಲಿನ ಜನ ತಿಮೂಲ ಎನ್ನುತ್ತಾರೆಂದೂ ಸೇರಿಸುತ್ತಾನೆ. ನಮ್ಮ ಪಶ್ಚಿಮ ಕರಾವಳಿಯಿಂದ ಹೋದ ಯಾರೋ ಒಬ್ಬರು ಅಲೆಕ್ಸಾಂಡ್ರಿಯಾದ ಬಂದರಿನಲ್ಲಿ ನಿಂತು, "ಸಿಮುಲ್ಲ ಅಲ್ಲ, ನಾವು ತಿಮೂಲ ಅನ್ನುತ್ತೇವೆ" ಎಂದಿರಬೇಕು. ಈ ಒಂದು ವಾಕ್ಯಕ್ಕಾಗಿ ನನಗೆ ಟಾಲೆಮಿಯ ಮೇಲೆ ತುಂಬ ಗೌರವ.

ಬನವಾಸಿ ಬರುವುದು ಏಳನೆಯ ಭಾಗದ ಮೊದಲ ಅಧ್ಯಾಯದಲ್ಲಿ. ಗ್ರೀಕಿನಲ್ಲಿ ನಮ್ಮ ‘ವ’ಕಾರಕ್ಕೆ ಅಕ್ಷರವಿಲ್ಲ, ಅದಕ್ಕೆ ‘ಊ’ ಬರೆಯುತ್ತಾರೆ. ಬ-ನ-ಊ-ಆ-ಸೇ ಎಂದು ಒಂದೊಂದೇ ಅಕ್ಷರ ಕೂಡಿಸಿ ಮೊದಲ ಸಲ ಓದಿದಾಗ ಹತ್ತಿರದ ಹೆಂಚಿನ ಮನೆಯವರು ಕೂಗಿ ಕರೆದಂತಾಯಿತು. ಅದೇ ಸಾಲುಗಳಲ್ಲಿ ಮೊದೊಗುಲ್ಲ ಇದೆ. ಅದು ಮುದಗಲ್ಲು ಎಂದು ಹಲವರು ಗುರುತಿಸುತ್ತಾರೆ. "ಬಲೆಓಕೂರನ ರಾಜಧಾನಿ ಹಿಪ್ಪೊಕೂರ" ಎಂದಿದೆ. ಕೊಲ್ಹಾಪುರದ ಕಡೆ ಸಿಕ್ಕ ನಾಣ್ಯಗಳಲ್ಲಿ ವಿಳಿವಾಯಕುರ ಎಂಬ ಹೆಸರಿದೆ, ಆ ಬಲೆಓಕೂರ ಇವನೇ ಎನ್ನುತ್ತಾರೆ. ಸ್ವಲ್ಪ ಮೇಲೆ ಪೈಠಣ ಬರುತ್ತದೆ, ಸಿರೊ ಪ್ತೊಲೆಮೈಯೊಸನ ರಾಜಧಾನಿಯಾಗಿ. ಶಾತವಾಹನರ ಸಿರಿ ಪುಳುಮಾವಿ ಗ್ರೀಕರ ಕಿವಿಯಲ್ಲಿ ಟಾಲೆಮಿಯ ಹೆಸರೇ ಆಗಿಬಿಟ್ಟಿದೆ! ಪುಳುಮಾವಿ ಎಂಬ ಹೆಸರಿನ ಶಾತವಾಹನ ದೊರೆಯೊಬ್ಬನ ರಾಣಿಯ ಸ್ಮಾರಕಶಿಲೆ ಬನವಾಸಿಯಲ್ಲೇ ಸಿಕ್ಕಿದೆ. ಮಧುಕೇಶ್ವರ ದೇವಸ್ಥಾನದೊಳಗಿನ ಐದು ಹೆಡೆಯ ನಾಗಶಿಲೆಯನ್ನು ನೀನು ನೋಡಿಯೇ ಇರುತ್ತೀಯ. ಅದರ ಅಂಚಿನ ಪ್ರಾಕೃತ ಶಾಸನವೂ ಕದಂಬರಿಗಿಂತ ಹಿಂದಿನದು. ಮಯೂರಶರ್ಮ ಬರುವುದಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ ಈ ಊರು ದೂರದವರಿಗೆ ಗೊತ್ತಿತ್ತು ಎಂಬುದೇ ಟಾಲೆಮಿಯ ಸಾಲಿನ ಬೆಲೆ.

ಪರೀಕ್ಷೆಯಲ್ಲಿ ಹೀಗೆ ಬರೆ: "ಎರಡನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ ತನ್ನ ಗ್ರಂಥದ ಏಳನೆಯ ಭಾಗದಲ್ಲಿ ಬನವಾಸಿಯನ್ನು ಹೆಸರಿಸಿದ್ದಾನೆ." ಅಷ್ಟು ಸಾಕು.

ಮೆಕ್ರಿಂಡಲ್ ಅವರ 1885ರ ಇಂಗ್ಲಿಷ್ ಅನುವಾದದ ಪಿಡಿಎಫ್ ಇಳಿಸಿಕೊಂಡಿದ್ದೇನೆ. ಅದು ಸಾಕೇ? ಹೊಸದು ಕೊಳ್ಳಬೇಕೇ?
– ಇತಿಹಾಸಾಸಕ್ತ, ಬೆಂಗಳೂರು

ಶುರು ಮಾಡಲು ಸಾಕು, ಅಲ್ಲೇ ನಿಲ್ಲಬೇಡಿ. ಮೆಕ್ರಿಂಡಲ್ ಪಟ್ನಾದ ಸರ್ಕಾರಿ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಭಾರತದ ಭಾಗವನ್ನು ಅನುವಾದಿಸಿ, ಒಂದೊಂದು ಊರಿಗೂ ಉದ್ದದ ಟಿಪ್ಪಣಿ ಬರೆದರು. ಟಿಪ್ಪಣಿಗಳಲ್ಲಿ ಈಗಲೂ ಕಲಿಯುವುದಿದೆ. ಆದರೆ ಅವರ ಕೈಗೆ ಸಿಕ್ಕ ಗ್ರೀಕ್ ಪಠ್ಯವೇ ಹಳೆಯದು.

ನಮ್ಮ ಪಂಪ, ಕುಮಾರವ್ಯಾಸರ ಕಾವ್ಯಗಳನ್ನು ಸಂಪಾದಿಸಿದವರು ಏನು ಮಾಡಿದರೆಂದು ನಿಮಗೆ ಗೊತ್ತು. ಊರೂರಿನ ಓಲೆಪ್ರತಿಗಳನ್ನು ತಂದು, ಎದುರುಬದುರು ಇಟ್ಟು, ಒಂದು ಪಾಠವನ್ನು ಮೇಲೆ ಇರಿಸಿ, ಉಳಿದ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಟ್ಟರು. ಟಾಲೆಮಿಗೂ ಅದೇ ಆಗಬೇಕಿತ್ತು. ಆದರೆ ಅದು ಪೂರ್ತಿಯಾಗಲು ಬಹಳ ತಡವಾಯಿತು.

ಅವನ ಕೈಬರಹವಂತೂ ಉಳಿದಿಲ್ಲ. ಉಳಿದಿರುವ ಗ್ರೀಕ್ ಹಸ್ತಪ್ರತಿಗಳು 13ನೆಯ ಶತಮಾನದ ಕೊನೆಯಿಂದ ಈಚಿನವು. ಕಾನ್‌ಸ್ಟಾಂಟಿನೋಪಲ್‌ನ ಸನ್ಯಾಸಿ ಮ್ಯಾಕ್ಸಿಮಸ್ ಪ್ಲನೂಡಿಸ್ ಎಂಬವರು 1295ರ ಸುಮಾರಿಗೆ ಯಾರೂ ಕೇಳದೆ ಬಿದ್ದಿದ್ದ ಈ ಗ್ರಂಥವನ್ನು ಹುಡುಕಿ ತೆಗೆದರು. ಸಿಕ್ಕಿದ ಸಂತೋಷಕ್ಕೆ ಪದ್ಯವನ್ನೇ ಬರೆದರು. ಅಂದರೆ ಟಾಲೆಮಿಯಿಂದ ನಮ್ಮ ಕೈಗೆ ಸಿಗುವ ಮೊದಲ ಪ್ರತಿಯವರೆಗೆ ಹನ್ನೊಂದು ನೂರು ವರ್ಷಗಳ ಅಂತರ. ಆಮೇಲೆ 15ನೆಯ ಶತಮಾನದ ಮೊದಲಲ್ಲಿ ಇಟಲಿಯಲ್ಲಿ ಜಾಕೊಪೊ ಆಂಜೆಲಿ ಲ್ಯಾಟಿನ್‌ಗೆ ತಂದರು. 1475ರಲ್ಲಿ ವಿಚೆಂಜಾದಲ್ಲಿ ನಕಾಶೆಗಳಿಲ್ಲದೆ ಅಚ್ಚಾಯಿತು, 1477ರಲ್ಲಿ ಬೊಲೋನ್ಯದಲ್ಲಿ ನಕಾಶೆಗಳೊಂದಿಗೆ. ಗ್ರೀಕ್ ಮೂಲ ಅಚ್ಚಾದದ್ದು 1533ರಲ್ಲಿ, ಬಾಸೆಲ್ ಪಟ್ಟಣದಲ್ಲಿ, ಎರಾಸ್ಮಸ್ ಅವರ ಮುನ್ನುಡಿಯೊಂದಿಗೆ.

ಬಾಸೆಲ್ ಎಂದೊಡನೆ ಕನ್ನಡಿಗರಿಗೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ, ಕಿಟ್ಟೆಲರ ನಿಘಂಟು ನೆನಪಾಗುತ್ತವೆ. ಹೌದು, ಅದೇ ಬಾಸೆಲ್. ಟಾಲೆಮಿಯ ಗ್ರಂಥ ಇಡಿಯಾಗಿ, ಹಸ್ತಪ್ರತಿಗಳನ್ನು ತಾಳೆ ನೋಡಿ, ಹೊಸದಾಗಿ ಹೊರಬಂದದ್ದೂ ಅಲ್ಲಿಂದಲೇ, 2006ರಲ್ಲಿ. ಮೊದಲ ಗ್ರೀಕ್ ಅಚ್ಚಿಗೂ ಇದಕ್ಕೂ ನಡುವೆ 473 ವರ್ಷ.

ನಡುವೆ ಯಾರೂ ಪ್ರಯತ್ನಿಸಲಿಲ್ಲವೆಂದಲ್ಲ. 1843ರಿಂದ 45ರವರೆಗೆ ಲೈಪ್‌ಜಿಗ್‌ನಲ್ಲಿ ನೊಬ್ಬೆ ಪೂರ್ತಿ ಪಠ್ಯ ಕೊಟ್ಟರು. ಕಾರ್ಲ್ ಮ್ಯೂಲರ್ ಇನ್ನೂ ಚೆನ್ನಾಗಿ ಮಾಡಲು ಹೊರಟು 1883ರಲ್ಲಿ ಮೊದಲ ಕಂತು ತಂದರು. ಎರಡನೆಯ ಕಂತು 1901ರಲ್ಲಿ, ಅವರು ತೀರಿಕೊಂಡ ಮೇಲೆ ಬಂತು, ಐದನೆಯ ಭಾಗಕ್ಕೇ ನಿಂತಿತು. ಭಾರತವಿರುವುದು ಏಳರಲ್ಲಿ! ನಮ್ಮ ಭಾಗವನ್ನು ಎತ್ತಿಕೊಂಡವರು ಲೂಯಿ ರೆನೂ. ಮುಂದೆ ಸಂಸ್ಕೃತದ ದೊಡ್ಡ ವಿದ್ವಾಂಸರಾದ ಅವರು, ಇನ್ನೂ ಮೂವತ್ತು ತುಂಬುವ ಮೊದಲು, 1925ರಲ್ಲಿ ಏಳನೆಯ ಭಾಗದ ಮೊದಲ ನಾಲ್ಕು ಅಧ್ಯಾಯಗಳನ್ನು ಪ್ಯಾರಿಸ್‌ನಲ್ಲಿ ಪ್ರಕಟಿಸಿದರು. ಬನವಾಸಿಯ ಬಗ್ಗೆ ಬರೆಯುವವರು ಆ ಪುಟವನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಮೇಲೆ ನಾಲ್ಕಾರು ಸಾಲು ಹೆಸರುಗಳು, ಕೆಳಗೆ ಸಣ್ಣ ಅಕ್ಷರದ ಪಾಠಾಂತರಗಳ ರಾಶಿ. ನನ್ನ ಹತ್ತಿರ ಅದರ ಜೆರಾಕ್ಸ್ ಇದೆ. ಮಡಿಚಿದಲ್ಲಿ ಹರಿದು, ಹಿಂದಿನಿಂದ ಟೇಪು ಹಚ್ಚಿಕೊಂಡಿದ್ದೇನೆ.

1932ರಲ್ಲಿ ನ್ಯೂಯಾರ್ಕಿನಲ್ಲಿ ಬಂದ ಸ್ಟೀವನ್‌ಸನ್ನರ ಇಂಗ್ಲಿಷ್ ಅನುವಾದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಕೊಳ್ಳಬೇಡಿ. ತಪ್ಪುಗಳಿಗಾಗಿಯೇ ವಿದ್ವಾಂಸರು ಅದನ್ನು ದೂರ ಇಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಓದುವವರಿಗೆ ಬರ್ಗ್ರನ್ ಮತ್ತು ಜೋನ್ಸ್ ಅವರ 2000ದ ಪುಸ್ತಕ ಒಳ್ಳೆಯದು. ಅದರಲ್ಲಿ ವಿಧಾನ ಹೇಳುವ ಅಧ್ಯಾಯಗಳಷ್ಟೇ ಇವೆ, ಊರುಗಳ ಪಟ್ಟಿ ಇಲ್ಲ. ಪಟ್ಟಿ ಬೇಕಾದರೆ ಸ್ಟ್ಯೂಕೆಲ್‌ಬರ್ಗರ್ ಮತ್ತು ಗ್ರಾಸ್‌ಹಾಫ್ ಅವರ ಆ 2006ರ ಬಾಸೆಲ್ ಆವೃತ್ತಿಯೇ ಆಗಬೇಕು. ಎರಡು ಸಂಪುಟ, ಸಾವಿರಕ್ಕೂ ಹೆಚ್ಚು ಪುಟ, ಒಂದು ಕಡೆ ಗ್ರೀಕ್, ಎದುರಿಗೆ ಜರ್ಮನ್. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿರುವ, ತೇವ ಹಿಡಿದು ಹಾಳಾದ, 1300ರ ಸುಮಾರಿನ ಪ್ರತಿಯನ್ನೂ ಅವರು ಬಿಡದೆ ಬಳಸಿದ್ದಾರೆ. ಬೆಲೆ ನಮ್ಮಂಥವರ ಕೈಗೆಟುಕುವುದಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ತರಿಸಿಕೊಡಲು ಕೇಳಿ. ಕೇಳುವವರಿದ್ದರೆ ತರಿಸುತ್ತಾರೆ.

ಎರಡು ಪುಸ್ತಕಗಳಲ್ಲಿ ಒಂದೇ ಊರಿಗೆ ಬೇರೆ ಬೇರೆ ಡಿಗ್ರಿ ಕೊಟ್ಟಿದ್ದಾರೆ. ಅಚ್ಚಿನ ತಪ್ಪೇ?
– ಪ್ರೌಢಶಾಲಾ ಶಿಕ್ಷಕ, ಹಾವೇರಿ

ಅಚ್ಚಿನದಲ್ಲ ಮಾಸ್ತರೇ, ಕೈಬರಹದ್ದು. ಬೆಂಕಿಪೊಟ್ಟಣ ತೆಗೆದುಕೊಂಡು ಬನ್ನಿ, ತೋರಿಸುತ್ತೇನೆ. ತರಗತಿಯಲ್ಲೂ ನೀವಿದನ್ನು ಮಾಡಬಹುದು.

ಎರಡು ಕಡ್ಡಿಗಳ ತಲೆ ತಾಗಿಸಿ, ಕಾಲು ಅಗಲಿಸಿ ಮೇಜಿನ ಮೇಲಿಡಿ. ಮಾಡಿನ ಹಾಗೆ ಕಾಣುತ್ತದೆ. ಇದು ಗ್ರೀಕಿನ ಲ್ಯಾಂಬ್ಡಾ, ಅಂದರೆ ‘ಲ’. ಈಗ ಮೂರನೆಯ ಕಡ್ಡಿಯನ್ನು ನಡುವಿಗೆ ಅಡ್ಡ ಇಡಿ. ಆಲ್ಫಾ ಆಯಿತು, ‘ಅ’. ಅದೇ ಕಡ್ಡಿಯನ್ನು ಕೆಳಕ್ಕೆ ಸರಿಸಿ ಬುಡಕ್ಕೆ ತನ್ನಿ. ಡೆಲ್ಟಾ ಆಯಿತು, ‘ದ’.

ಗ್ರೀಕರಿಗೆ ಬೇರೆ ಅಂಕಿಗಳಿರಲಿಲ್ಲ. ಅಕ್ಷರಗಳೇ ಅಂಕಿಗಳು. ಆಲ್ಫಾ ಅಂದರೆ 1, ಡೆಲ್ಟಾ 4, ಲ್ಯಾಂಬ್ಡಾ 30. ಒಂದೇ ಕಡ್ಡಿ, ಎಲ್ಲಿದೆ ಅಥವಾ ಇದೆಯೋ ಇಲ್ಲವೋ ಎಂಬುದರ ಮೇಲೆ 1, 4, 30! ಶಾಯಿ ಮಾಸಿದ ಪ್ರತಿಯನ್ನು ದೀಪದ ಬೆಳಕಿನಲ್ಲಿ ನಕಲು ಮಾಡುವವನಿಗೆ ಬುಡದ ಗೀಟು ಕಾಣಲಿಲ್ಲವೆಂದರೆ ನಾಲ್ಕು ಹೋಗಿ ಮೂವತ್ತಾಗುತ್ತದೆ. ಹೆಸರು ತಪ್ಪಿದರೆ ಓದುವವನಿಗೆ ಅನುಮಾನ ಬರುತ್ತದೆ. ಅಂಕೆ ತಪ್ಪಿದರೆ ಅನುಮಾನವೇ ಬರುವುದಿಲ್ಲ. ನಮ್ಮ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ೬ ಮತ್ತು ೯ ಕಲೆಸಿಹೋಗಿ ಎಷ್ಟು ವ್ಯಾಜ್ಯಗಳಾಗಿಲ್ಲ!

ಭಿನ್ನರಾಶಿಗಳ ಕಷ್ಟ ಇನ್ನೊಂದು. ಟಾಲೆಮಿ ಡಿಗ್ರಿಯನ್ನು ಹನ್ನೆರಡನೆಯ ಒಂದು ಭಾಗದವರೆಗೆ, ಅಂದರೆ ಐದು ಮಿನಿಟಿನವರೆಗೆ ಒಡೆಯುತ್ತಾನೆ. ಮುಕ್ಕಾಲು ಎನ್ನಲು ಅರ್ಧ, ಕಾಲು ಎಂದು ಎರಡು ಗುರುತು ಒಟ್ಟಿಗೆ ಬರೆಯುತ್ತಾರೆ. ಆ ಕಾಲಿನ ಗುರುತೂ ಡೆಲ್ಟಾವೇ, ಪಕ್ಕದಲ್ಲೊಂದು ಸಣ್ಣ ಗೀಟಿರುತ್ತದೆ ಅಷ್ಟೆ. ಆ ಗೀಟು ಅಳಿಸಿದರೆ ಕಾಲು ಡಿಗ್ರಿ ನಾಲ್ಕು ಡಿಗ್ರಿಯಾಗುತ್ತದೆ. ಒಂದು ಸಾಲಿನಲ್ಲಿ ಊರು ಜಿಲ್ಲೆ ದಾಟಿ, ರಾಜ್ಯ ದಾಟಿ ಹೋಗಿರುತ್ತದೆ.

ಇದರಲ್ಲಿ ನನ್ನ ಮನಸ್ಸನ್ನು ಬಹಳ ಕಲಕುವುದು ಒಂದು ಸಂಗತಿ. ನಕಾಶೆಗಳನ್ನು ಒಂದರಿಂದ ಒಂದಕ್ಕೆ ನಕಲು ಮಾಡುತ್ತ ಹೋದರೆ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿ ಕೊನೆಗೆ ಗುರುತೇ ಸಿಗದಂತಾಗುತ್ತದೆ ಎಂದು ಟಾಲೆಮಿ ತನ್ನ ಮೊದಲ ಭಾಗದಲ್ಲೇ ಹೇಳಿದ್ದಾನೆ. ಚಿತ್ರ ಕೈತಪ್ಪಿದರೂ ಪಟ್ಟಿ ನೋಡಿ ಯಾರು ಬೇಕಾದರೂ ಹೊಸದಾಗಿ ಬರೆದುಕೊಳ್ಳಲೆಂದೇ ಅವನು ಸಾವಿರಾರು ಅಂಕೆಗಳನ್ನು ಕೂತು ಬರೆದದ್ದು. ಚಿತ್ರವನ್ನು ಕಾಪಾಡಲು ಅಂಕೆಯನ್ನು ನಂಬಿದ. ಅಂಕೆಯನ್ನು ಕಾಪಾಡುವವರಿಗೆ 2006ರವರೆಗೆ ಕಾಯಬೇಕಾಯಿತು.

ನಿಮಗೆ ಎರಡು ಡಿಗ್ರಿ ಸಿಕ್ಕರೆ ಯಾವುದು ಯಾವ ಪ್ರತಿಯದೆಂದು ಬರೆದು ಎರಡನ್ನೂ ಕೊಡಿ.

ಟಾಲೆಮಿ ಹೇಳಿದ ನಿತ್ರಾ ನಮ್ಮ ಮಂಗಳೂರೇ?
– ಮಂಗಳೂರಿನ ಓದುಗರು

ಇರಬಹುದು. ಕಡಲ್ಗಳ್ಳರ ಕರಾವಳಿಯಲ್ಲಿ ನಿತ್ರಾ ಒಂದು ವ್ಯಾಪಾರದ ಊರು ಎಂದು ಅವನು ಬರೆದಿದ್ದಾನೆ. ಅವನಿಗಿಂತ ಮುಂಚಿನ ರೋಮನ್ ಲೇಖಕ ಪ್ಲಿನಿ ಕೂಡ ನಿತ್ರಿಯಾಸ್‌ನ ಕಡಲ್ಗಳ್ಳರನ್ನು ಹೇಳುತ್ತಾನೆ. ನೇತ್ರಾವತಿಯಿಂದ ಆ ಹೆಸರು ಬಂತು ಎನ್ನುವವರು ಹಲವರು, ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪವನ್ನು ತೋರಿಸುವವರೂ ಇದ್ದಾರೆ. ಎರಡಕ್ಕೂ ಹೆಸರಿನ ಹೋಲಿಕೆಯೇ ಮುಖ್ಯ ಆಧಾರ.

ಟಾಲೆಮಿಯ ನಕಾಶೆಯಲ್ಲಿ ಭಾರತ ತ್ರಿಕೋನದ ಹಾಗೆ ಕಾಣುವುದೇ ಇಲ್ಲ. ಅಷ್ಟು ದೊಡ್ಡ ಗಣಿತಜ್ಞ ಹೀಗೇಕೆ ತಪ್ಪಿದ?
– ಎಂಜಿನಿಯರ್, ಹುಬ್ಬಳ್ಳಿ

ಗಣಿತ ತಪ್ಪಲಿಲ್ಲ, ಕೈಗೆ ಸಿಕ್ಕ ಅಳತೆ ತಪ್ಪಿತು. ಅವನ ಭಾರತದಲ್ಲಿ ಪಶ್ಚಿಮ ಕರಾವಳಿ ದಕ್ಷಿಣಕ್ಕೆ ಇಳಿಯುವ ಬದಲು ಪೂರ್ವಕ್ಕೆ ಓಡುತ್ತದೆ. ಶ್ರೀಲಂಕಾ ಇರುವುದಕ್ಕಿಂತ ಹಲವು ಪಟ್ಟು ಉಬ್ಬಿ ಸಮಭಾಜಕವನ್ನೂ ದಾಟಿದೆ.

ಅಕ್ಷಾಂಶ ಹಿಡಿಯುವುದು ಆ ಕಾಲದಲ್ಲೂ ಸಾಧ್ಯವಿತ್ತು, ನೆರಳು ಅಳೆದರಾಯಿತು. ರೇಖಾಂಶಕ್ಕೆ ಎರಡು ಊರುಗಳ ಸಮಯದ ವ್ಯತ್ಯಾಸ ಬೇಕು. ಗಡಿಯಾರವಿಲ್ಲ. ಒಂದೇ ಉಪಾಯ, ಚಂದ್ರಗ್ರಹಣ. ಟಾಲೆಮಿ ಅಂಥದೊಂದು ಗ್ರಹಣವನ್ನು ಹೆಸರಿಸುತ್ತಾನೆ: ಇರಾಕಿನ ಆರ್ಬೆಲದಲ್ಲಿ ರಾತ್ರಿಯ ಐದನೆಯ ತಾಸಿಗೆ, ಆಫ್ರಿಕದ ಕಾರ್ಥೇಜಿನಲ್ಲಿ ಎರಡನೆಯ ತಾಸಿಗೆ ಕಂಡದ್ದು. ಅಲೆಗ್ಸಾಂಡರ್ ದಾರಿಯುಸನ ಮೇಲೆ ಗೆಲ್ಲುವ ಮುಂಚೆ, ಕ್ರಿ.ಪೂ. 331ರಲ್ಲಿ ಹಿಡಿದ ಗ್ರಹಣ ಅದು. ಮೂರು ತಾಸೆಂದರೆ 45 ಡಿಗ್ರಿ. ಈಗ ಅಳೆದರೆ ಎರಡೂ ಊರುಗಳ ನಡುವೆ ಇರುವುದು ಸುಮಾರು 34. ಒಬ್ಬರು ಒಂದು ಗಳಿಗೆ ತಡವಾಗಿ ನೋಡಿರಬೇಕು, ಇಲ್ಲವೆ ತಪ್ಪಾಗಿ ಬರೆದಿರಬೇಕು. ಇಂಥ ವರದಿಗಳು ಇನ್ನಷ್ಟು ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಟಾಲೆಮಿಯೇ ಕೊರಗಿದ್ದಾನೆ.

ಉಳಿದದ್ದೆಲ್ಲ ವ್ಯಾಪಾರಿಗಳು ಹೇಳಿದ ದಿನದ ಲೆಕ್ಕ: ಇಷ್ಟು ದಿನ ನಡೆದೆವು, ಇಷ್ಟು ದಿನ ಹಾಯಿ ಬಿಚ್ಚಿದೆವು. ಅದನ್ನು ಡಿಗ್ರಿಗೆ ತಿರುಗಿಸುವಾಗ ಇನ್ನೊಂದು ಪೆಟ್ಟು. ಅವನಿಗಿಂತ ಹಿಂದಿನ ಎರಟೊಸ್ತನೀಸ್ ಒಂದು ಡಿಗ್ರಿಗೆ 700 ಸ್ಟೇಡಿಯ (ಗ್ರೀಕರ ದೂರದ ಅಳತೆ) ಎಂದಿದ್ದ. ಟಾಲೆಮಿ ಮರೀನಸನನ್ನು ಅನುಸರಿಸಿ 500 ಹಿಡಿದ. ಭೂಮಿ ಚಿಕ್ಕದಾಯಿತು, ಅದರ ಮೇಲಿನ ದೇಶಗಳು ಪೂರ್ವಕ್ಕೆ ಚಾಚಿಕೊಂಡವು.

ನೀವು "ಲಿಮುರಿಕೆ" ಎಂದು ಬರೆದಿದ್ದೀರಿ. ಇಲ್ಲಿನ ಪುಸ್ತಕಗಳಲ್ಲಿ "ದಮಿರಿಕೆ" ಎಂದಿದೆ, ತಮಿಳರ ನಾಡು ಎಂಬ ಅರ್ಥದಲ್ಲಿ. ಯಾವುದು ಸರಿ?
– ಚೆನ್ನೈನಲ್ಲಿರುವ ಕನ್ನಡಿಗರು

ಹಾವೇರಿಯ ಮಾಸ್ತರರಿಗೆ ಹೇಳಿದ ಬೆಂಕಿಕಡ್ಡಿ ಇನ್ನೂ ಮೇಜಿನ ಮೇಲಿದೆಯೇ? ಲ್ಯಾಂಬ್ಡಾದ ಬುಡಕ್ಕೆ ಅದನ್ನು ಇಡಿ. ‘ಲಿ’ ಹೋಗಿ ‘ದಿ’ ಬಂತು.

ಗ್ರೀಕ್ ಹಸ್ತಪ್ರತಿಗಳ ಪಾಠ ಲಿಮುರಿಕೆ. ಆದರೆ ರೋಮನ್ನರ ರಸ್ತೆಗಳನ್ನು ತೋರಿಸುವ ಒಂದು ಉದ್ದದ ನಕಾಶೆ ವಿಯೆನ್ನಾದ ಗ್ರಂಥಾಲಯದಲ್ಲಿದೆ, ಪೋಯ್ಟಿಂಗರ್ ನಕಾಶೆ ಎನ್ನುತ್ತಾರೆ. ಅದರಲ್ಲಿ ಇದೇ ನಾಡಿಗೆ ದಮಿರಿಕೆ ಎಂದು ಬರೆದಿದೆ. ಅದು ಲ್ಯಾಟಿನ್ ಲಿಪಿ. ಲ್ಯಾಟಿನ್‌ನಲ್ಲಿ ‘ಡಿ’ ಮತ್ತು ‘ಎಲ್’ ಒಂದರಂತೆ ಇನ್ನೊಂದು ಕಾಣುವುದಿಲ್ಲ, ಕಲೆಸಿಹೋಗುವ ಭಯವಿಲ್ಲ. ರವೆನ್ನಾದ ಹೆಸರಿಲ್ಲದ ಭೂಗೋಳಕಾರನೊಬ್ಬನ ಗ್ರಂಥದಲ್ಲಿಯೂ ದಿಮಿರಿಕ ಎಂದಿದೆ. ಇವೆರಡನ್ನೂ ಮುಂದಿಟ್ಟು, ಗ್ರೀಕ್ ಪ್ರತಿಗಳಲ್ಲಿ ಎಲ್ಲೋ ಒಮ್ಮೆ ಬುಡದ ಗೀಟು ಬಿದ್ದುಹೋಗಿದೆ, ಮೂಲದಲ್ಲಿ ಇದ್ದದ್ದು ತಮಿಳರ ನಾಡಿನ ಹೆಸರೇ ಎಂದು ದ್ರಾವಿಡ ಭಾಷೆಗಳ ವಿದ್ವಾಂಸ ಕಾಲ್ಡ್‌ವೆಲ್ 19ನೆಯ ಶತಮಾನದಲ್ಲಿ ವಾದಿಸಿದರು. ಆ ನಾಡಿನೊಳಗೆ ಟಾಲೆಮಿ ಹೇಳುವ ಊರುಗಳನ್ನು ನೋಡಿ: ಕೇರಳ ಕರಾವಳಿಯ ಬಂದರು ಮುಜಿರಿಸ್, ಮತ್ತು ಕೇರೊಬೊತ್ರಸನ ರಾಜಧಾನಿ ಕರೂರ. ಕೇರೊಬೊತ್ರಸ್ ಅಂದರೆ ಕೇರಳಪುತ್ರ, ಹಳೆಯ ತಮಿಳು ಅರಸರಾದ ಚೇರರ ದೊರೆ. ಊರುಗಳೂ ಕಾಲ್ಡ್‌ವೆಲ್ಲರ ಕಡೆಗೇ ಸಾಕ್ಷಿ ಹೇಳುತ್ತವೆ. ನನಗೂ ಅವರ ಮಾತು ಸರಿಯೆನ್ನಿಸುತ್ತದೆ.

ಆದರೂ ಹಸ್ತಪ್ರತಿಯಲ್ಲಿ ಇಲ್ಲದ್ದನ್ನು ಇದೆ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ನಮ್ಮ ಕಾವ್ಯಗಳನ್ನು ಸಂಪಾದಿಸಿದ ಹಿರಿಯರು ತಮಗೆ ಸರಿಯೆಂದು ತೋರಿದ ಪಾಠವನ್ನು ಮೇಲಿಟ್ಟರೂ ಓಲೆಯಲ್ಲಿದ್ದದ್ದನ್ನು ಅಳಿಸಲಿಲ್ಲ, ಅಡಿಗೆ ಇಳಿಸಿದರು. ಹೋದ ತಿಂಗಳು ನಾನು ಲಿಮುರಿಕೆ ಎಂದಷ್ಟೇ ಬರೆದು ಬಿಟ್ಟದ್ದು ಅರೆಬರೆಯಾಯಿತು. ನಿಮ್ಮ ಪತ್ರ ಬಂದ ದಿನವೇ ನನ್ನ ಪ್ರತಿಯ ಅಂಚಿನಲ್ಲಿ "ದಮಿರಿಕೆ ಇರಬಹುದು, ವಿಯೆನ್ನಾದ ನಕಾಶೆ ನೋಡಿ" ಎಂದು ಪೆನ್ಸಿಲಿನಲ್ಲಿ ಬರೆದುಕೊಂಡೆ. ನೀವೂ ಹೋದ ತಿಂಗಳ ಸಂಚಿಕೆಯನ್ನು ಎತ್ತಿಟ್ಟಿದ್ದರೆ ಹಾಗೆಯೇ ಬರೆದುಕೊಳ್ಳಿ.